ಬಟಾಣಿ ಹೊಳೆಗೆ ಹೋದ ಕತೆ

‘ನಿನಗೆ ಹೃದಯ ಅನ್ನೋದು ಇದೆಯಾ?’

ಕಂಪ್ಯೂಟರ್ ಪರದೆಯ ಮೇಲಿನ ಮೊದಲ ಸಾಲು ಓದಿ ಸುಜಯ ಕುರ್ಚಿಯ ತುದಿಗೆ ಸರಿದ. ಇದು ಬೇರೆ ಯಾರಿಗೋ ಬರೆದದ್ದಿರಬೇಕು ಎಂದುಕೊಂಡ. ಕೆಳಗಿನ ಸಾಲು ನೋಡಿದ.

‘ಸುಜಯ, ನಮ್ಮ ಬಟಾಣಿಯನ್ನ ಯಾಕೆ ಸಾಯಿಸಿದೆ? ಓದಿ ಊಟ ಸೇರಲಿಲ್ಲ. ಗ್ರೂಪ್ ಬಿಟ್ಟು ಹೋಗು.’

ಒಂದಲ್ಲ, ಎರಡಲ್ಲ, ಮೂವತ್ತೊಂದು ಉತ್ತರಗಳು ಬಂದಿದ್ದವು. ಬೇರೆ ಶನಿವಾರ ಹೆಚ್ಚೆಂದರೆ ಹತ್ತು ಇರುತ್ತಿದ್ದವು, ಹತ್ತರಲ್ಲೂ ‘ಸೂಪರ್’ ಎಂದೇ ಇರುತ್ತಿತ್ತು. ಸುಜಯನ ಕಿವಿ ಬಿಸಿಯಾಯಿತು. ಟಿಳಕವಾಡಿಯ ಆ ಪುಟ್ಟ ಸೈಬರ್ ಕೆಫೆಯಲ್ಲಿ ಉಳಿದವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಯಾರೂ ನೋಡುತ್ತಿರಲಿಲ್ಲ. ಅವರವರಿಗೆ ಅವರವರ ಪರದೆ.

ಆಗ ಪ್ರತಿ ಗುರುವಾರ ಸಂಜೆ ಟಿವಿಯಲ್ಲಿ ‘ಕೆಂಪು ಗೇಟು’ ಎಂಬ ಪತ್ತೇದಾರಿ ಧಾರಾವಾಹಿ ಬರುತ್ತಿತ್ತು. ಮೇಘಾ ಎಂಬ ಹುಡುಗಿ ಕಳ್ಳರನ್ನು ಹಿಡಿಯುತ್ತಿದ್ದಳು. ಅವಳ ಬೆನ್ನು ಬಿಡದ ತಮ್ಮ ಬಟಾಣಿ. ಆರು ವರ್ಷದ ಪೋರ. ಅಕ್ಕ ಮಾಡಿದ ಕೆಲಸವನ್ನೆಲ್ಲ ಕೆಡಿಸಿ, ಕೊನೆಗೆ ಕಳ್ಳನ ಸುಳಿವನ್ನು ತಾನೇ ಹುಡುಕಿ ಕೊಡುವವನು. ಬಟಾಣಿ ಎಂದರೆ ಎಲ್ಲರಿಗೂ ಪ್ರಾಣ.

ಇಂಟರ್ನೆಟ್‌ನಲ್ಲಿ ಆ ಧಾರಾವಾಹಿಯ ಫ್ಯಾನ್‌ಗಳದೊಂದು ಗ್ರೂಪ್ ಇತ್ತು. ಬೆಂಗಳೂರು, ಮೈಸೂರು, ದುಬೈ ಎಂದು ಎಲ್ಲೆಲ್ಲಿಯವರೋ ಇನ್ನೂರು ಜನ. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೂ ಯಾರು ದೊಡ್ಡ ಫ್ಯಾನ್ ಎಂದು ದಿನವೂ ಜಗಳ. ಅವರೆಲ್ಲರ ಮೇಲೆ ದರ್ಬಾರು ನಡೆಸುವವಳು ರೆಡ್‌ಗೇಟ್ ರಾಣಿ. ನಿಜವಾದ ಹೆಸರೇನೋ, ಯಾರಿಗೂ ಗೊತ್ತಿಲ್ಲ.

ಮೇಘಾ ಮತ್ತು ಬಟಾಣಿಯ ಬಗ್ಗೆ ತಾವೇ ಕತೆ ಕಟ್ಟಿ ಅಲ್ಲಿ ಹಾಕುವುದು ಆ ಗ್ರೂಪಿನ ರೂಢಿ. ನಾಲ್ಕು ತಿಂಗಳಿಂದ ಸುಜಯನ ಹೆಸರಿನಲ್ಲಿ ಬರುವ ಕತೆಗಳೆಂದರೆ ಎಲ್ಲರೂ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ದುಬೈನ ಒಬ್ಬರು ‘ಸುಜಯ ಸರ್’ ಎಂದೇ ಬರೆಯುತ್ತಿದ್ದರು. ಸರ್ ಆರನೇ ಇಯತ್ತೆಯಲ್ಲಿ ಓದುತ್ತಿದ್ದಾರೆ, ಗಣಿತದಲ್ಲಿ ಮೊನ್ನೆ ಹನ್ನೊಂದು ಮಾರ್ಕ್ಸ್ ತೆಗೆದಿದ್ದಾರೆ ಎಂಬುದು ಪಾಪ ಅವರಿಗೇನು ಗೊತ್ತು!

ಇನ್ನೊಂದು ವಿಷಯವೂ ಗೊತ್ತಿರಲಿಲ್ಲ. ಆ ಕತೆಗಳಲ್ಲಿ ಒಂದನ್ನೂ ಸುಜಯ ಬರೆದಿರಲಿಲ್ಲ.

ಬರೆಯುತ್ತಿದ್ದವಳು ಖಾನಾಪುರದಲ್ಲಿದ್ದ ಅವನ ಮಾಮಾನ ಮಗಳು ಅನುರಾಧಾ. ಅವನಿಗಿಂತ ಎರಡು ವರ್ಷ ದೊಡ್ಡವಳು. ಅವಳ ತಮ್ಮ ಶಿವಲಿಂಗ, ಮನೆಯವರೆಲ್ಲರ ಶಿವು, ಕಳೆದ ಮಳೆಗಾಲದಲ್ಲಿ ಮಲಪ್ರಭಾ ಹೊಳೆಯಲ್ಲಿ ಮುಳುಗಿ ತೀರಿಕೊಂಡಿದ್ದ. ಅಂದಿನಿಂದ ಸುಜಯನ ಅವ್ವ ಪ್ರಮಿಳಾ ಪ್ರತಿ ಭಾನುವಾರ ಅವನನ್ನು ಕರೆದುಕೊಂಡು ಅಣ್ಣನ ಮನೆಗೆ ಹೋಗಿ ಬರುತ್ತಿದ್ದರು. ಅನುರಾಧಾ ತನ್ನ ನೋಟ್‌ಬುಕ್ಕನ್ನು ಸುಜಯನ ಕೈಗೆ ಕೊಡುವಳು. ಅವನು ಶನಿವಾರ ಸಾಲಿ ಬಿಟ್ಟ ಮೇಲೆ ಕೆಫೆಗೆ ಬಂದು, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೇ ಬೆರಳಿನಿಂದ ಕುಟ್ಟುವನು. ಒಂದು ಅಕ್ಷರ ನೋಡು, ಒಂದು ಕೀಲಿ ಹುಡುಕು. ಹಾಗೆ ಕುಟ್ಟುವಾಗ ಕತೆಯಲ್ಲಿ ಏನಿದೆ ಎಂದು ತಲೆಗೆ ಹೋಗುತ್ತಲೇ ಇರಲಿಲ್ಲ.

“ನನ್ನ ಹೆಸರು ಮಾತ್ರ ಹಾಕಬ್ಯಾಡ,” ಎಂದು ಅವಳು ಮೊದಲ ದಿನವೇ ಹೇಳಿದ್ದಳು. “ಅವ್ರು ಏನ್ ಬರೀತಾರ, ಆ ಕಾಗದ ಅಷ್ಟು ತಂದು ಕೊಡು.”

ಸುಜಯನಿಗೆ ಅದು ಸಕ್ಕರೆ ತಿಂದಷ್ಟು ಸಂತೋಷವಾಗಿತ್ತು. ಕಷ್ಟ ಅವಳದು, ಹೆಸರು ತನ್ನದು!

ಕಳೆದ ಶನಿವಾರ ಕುಟ್ಟಿದ ಕತೆಗೆ ಈಗ ಬೈಗುಳವೂ ತನ್ನದೇ ಆಗಿತ್ತು.

‘ಬಟಾಣಿಯನ್ನು ಹೊಳೆಗೆ ಕಳಿಸೋ ಅಕ್ಕ ಎಲ್ಲಾದರೂ ಇರ್ತಾಳಾ? ಇದನ್ನ ಬರೆದವನ ತಲೆ ಕೆಟ್ಟಿದೆ,’ ಎಂದು ಒಬ್ಬ. ‘ಸುಜಯ ಫೇಕ್ ಫ್ಯಾನ್,’ ಎಂದು ಇನ್ನೊಬ್ಬ. ‘ಸರ್’ ಎನ್ನುತ್ತಿದ್ದ ದುಬೈನವರು ‘ಲೋ’ ಎಂದು ಶುರು ಮಾಡಿದ್ದರು. ಕೊನೆಯಲ್ಲಿ ರಾಣಿಯ ಸಾಲು: ‘ಉತ್ತರ ಕೊಡು. ಇಲ್ಲದಿದ್ದರೆ ಇವತ್ತೇ ನಿನ್ನನ್ನು ಗ್ರೂಪಿನಿಂದ ತೆಗೆಯುತ್ತೇನೆ.’

ಸುಜಯನಿಗೆ ಅಳು ಬಂತು. ಸಾಲಿಯಲ್ಲಿ ಅವನಿಗೆ ಅಂಥ ಹೆಸರೇನೂ ಇರಲಿಲ್ಲ, ಕಬಡ್ಡಿಯಲ್ಲೂ ಕೊನೆಗೆ ಆರಿಸಿಕೊಳ್ಳುತ್ತಿದ್ದರು. ಈ ಗ್ರೂಪಿನಲ್ಲಿ ಮಾತ್ರ ಅವನು ದೊಡ್ಡವನಾಗಿದ್ದ. ಅದೂ ಹೋಗಿಬಿಟ್ಟರೆ?

ಅವನ ಬೆರಳು ಕೀಲಿಗಳನ್ನು ಹುಡುಕತೊಡಗಿತು. ಈ ಸಲ ಎಂದಿಗಿಂತ ಬೇಗ ಬೇಗ ಹುಡುಕಿತು.

‘ಆ ಕತೆ ನಾನು ಬರೆದಿಲ್ಲ. ನಮ್ಮ ಮಾಮಾನ ಮಗಳು ಅನುರಾಧಾ, ಖಾನಾಪುರ, ಅವಳು ಬರೆದದ್ದು. ನಾನು ಬರೀ ಟೈಪ್ ಮಾಡಿದೆ. ಅವಳಿಗೆ ಏನೂ ತಿಳಿಯುವುದಿಲ್ಲ. ನನಗೂ ಬಟಾಣಿ ಅಂದರೆ ಜೀವ.’

ಕಳಿಸಿ, ಉಗುರು ಕಚ್ಚುತ್ತ ಕುಳಿತ. ರಾಣಿ ಅಲ್ಲೇ ಇದ್ದಳೇನೋ, ಐದು ನಿಮಿಷದಲ್ಲೇ ಉತ್ತರ ಬಂತು.

‘ಓ, ಹಾಗಾ? ಸರಿ, ಸುಜಯ ನಮ್ಮವನೇ. ಖಾನಾಪುರದ ಅನುರಾಧಾ ಮೇಡಂಗೆ ಹೇಳು, ಕತೆ ಬಿಟ್ಟು ಸಗಣಿ ತಟ್ಟೋಕೆ ಹೋಗಲಿ.’

ಅದರ ಹಿಂದೆಯೇ ಇನ್ನೊಂದು. ‘ಖಾನಾಪುರದ ಅನುರಾಧಾ! ಅವಳಿಗೆ ತಮ್ಮ ಇದ್ದರೆ ಪಾಪ, ಅವನನ್ನು ಯಾರಾದರೂ ಕಾಪಾಡಿ!’ ಅದರ ಕೆಳಗೆ ನಗುವ ಮುಖಗಳು, ಸಾಲಾಗಿ.

ಸುಜಯನೂ ನಕ್ಕ. ನಗು ಬಂದದ್ದು ಬದುಕಿಕೊಂಡೆನಲ್ಲ ಎಂಬ ಸಮಾಧಾನಕ್ಕೆ. ಆ ಕೊನೆಯ ಸಾಲನ್ನು ಎರಡನೇ ಸಲ ಓದಿದಾಗ ನಗು ನಿಂತಿತು.

“ಏನಪ್ಪಾ ಸುಜಯ, ಟೈಮ್ ಆತು. ಪ್ರಿಂಟ್ ತಗದೇನಿ ನೋಡು,” ಎಂದು ಕೆಫೆಯ ಧರಣೇಂದ್ರಣ್ಣ ಕಾಗದಗಳನ್ನು ಅವನ ಕೈಗಿತ್ತ. ಪ್ರತಿ ವಾರದ ಅಭ್ಯಾಸದಂತೆ ಎಲ್ಲವನ್ನೂ ತೆಗೆದಿದ್ದ, ಸುಜಯ ಬರೆದದ್ದನ್ನೂ ಸೇರಿಸಿ. “ಈ ಸಲ ಬಾಳ ಅದಾವಲ್ಲೋ! ದೊಡ್ಡ ಮನಷ್ಯಾ ಆದಿ!”

ಮರುದಿನ ಖಾನಾಪುರದ ಬಸ್ಸಿನಲ್ಲಿ ಆ ಕಾಗದಗಳು ಸುಜಯನ ಚೀಲದಲ್ಲಿದ್ದವು. ಮನೆಯಲ್ಲೇ ಬಿಟ್ಟು ಬರಬೇಕೆಂದಿದ್ದ. ಆದರೆ ಕಾಗದ ತೆಗೆಯುವ ಮೊದಲೇ ಅವ್ವ ಚೀಲ ತುಂಬಿ ಅವನ ಹೆಗಲಿಗೆ ಹಾಕಿ ಹೊರಟೇ ಬಿಟ್ಟಿದ್ದರು.

ಅನುರಾಧಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅವನನ್ನು ಕಂಡದ್ದೇ ಕೈ ಒರೆಸಿಕೊಂಡು ಓಡಿ ಬಂದಳು. ಬೇರೆ ವಾರಗಳಲ್ಲಿ ‘ಏನಂದ್ರು, ನಕ್ರೇನು’ ಎಂದು ಕೇಳುತ್ತಿದ್ದಳು. ಇವತ್ತು ದನಿ ಸಣ್ಣದು ಮಾಡಿ ಬೇರೆಯೇ ಕೇಳಿದಳು.

“ಸುಜ್ಯಾ, ಮೇಘಾಂದು ತಪ್ಪು ಅಂತ ಯಾರರೆ ಬರದಾರೇನು?”

“ಯಾ ಮೇಘಾ?”

“ಏ, ಕತಿಯೊಳಗಿನ ಮೇಘಾ. ಆಕಿ ಪುಸ್ತಕ ಓದಾಕತ್ತಿದ್ಲು. ಬಟಾಣಿ ಬಾಜೂಕ ಕುಂತು ಒಂದೇ ಸಮ ಕಾಡಾಕತ್ತಿದ್ದ. ‘ತಲಿ ತಿನಬ್ಯಾಡ, ಹೊಳಿಗರೆ ಹೋಗಿ ಆಡು’ ಅಂದ್ಲಲ್ಲ. ಅಂವ ಆಕಿ ಚಪ್ಪಲಿ ಹಾಕ್ಕೊಂಡ ಹೋದ. ಅದು ಆಕಿ ತಪ್ಪು ಅಂತ ಯಾರರೆ ಬರದಾರೇನು?”

ಸುಜಯ ಅವಳ ಮುಖ ನೋಡಿದ. ಆ ಸಾಲುಗಳನ್ನು ಅವನೇ ಟೈಪ್ ಮಾಡಿದ್ದ, ಒಂದೊಂದೇ ಅಕ್ಷರ. ಈಗ ಮೊದಲ ಸಲ ಅವನಿಗೆ ಅವು ಕೇಳಿಸಿದವು. ಹೊಳೆಯ ದಂಡೆಯಲ್ಲಿ ಶಿವು ಮುಳುಗಿದ ದಿನ ಅನುರಾಧಾಳ ನೀಲಿ ಚಪ್ಪಲಿಗಳು ಸಿಕ್ಕಿದ್ದವು. ಶಿವು ಯಾವಾಗಲೂ ಅಕ್ಕನ ಚಪ್ಪಲಿ ಹಾಕಿಕೊಂಡೇ ತಿರುಗುತ್ತಿದ್ದ ಎಂದು ಎಲ್ಲರೂ ಹೇಳಿದ್ದರು. ಯಾರಿಗೂ ಹೇಳದೆ ತಾನೇ ಹೊಳೆಗೆ ಹೋಗಿದ್ದ ಎಂದೂ ಹೇಳಿದ್ದರು.

ಕತೆಯಲ್ಲಿ ಮಾತ್ರ ಅಕ್ಕನೇ ಹೋಗು ಎಂದಿದ್ದಳು.

“ಇಲ್ಲ ಅನುಕ್ಕಾ. ಯಾರೂ ಹಂಗ ಬರದಿಲ್ಲ.”

“ಖರೇ?”

“ಖರೇ. ದೇವ್ರಾಣಿ.”

“ಕಾಗದ ತೋರ್ಸು.”

“ಕರೆಂಟ್ ಹೋಗಿತ್ತು. ಕಂಪ್ಯೂಟರ್ ಚಾಲೂ ಆಗಲೇ ಇಲ್ಲ.”

ಅನುರಾಧಾ ಇನ್ನೂ ಒಂದು ಹೆಜ್ಜೆ ಹತ್ತಿರ ಬಂದಳು. “ಕಂಪ್ಯೂಟರ್ ಚಾಲೂ ಆಗಿಲ್ಲಂದ್ರ ಅವ್ರು ಬರದಿಲ್ಲ ಅನ್ನೂದು ನಿನಗ ಹೆಂಗ ಗೊತ್ತಾತು?”

ಸುಜಯನ ಕೈ ತಾನಾಗಿ ಚೀಲವನ್ನು ಅವುಚಿಕೊಂಡಿತು. ಅಷ್ಟು ಸಾಕಾಯಿತು. ಅವಳು ಕಿತ್ತುಕೊಳ್ಳಲಿಲ್ಲ, ಕೈ ಚಾಚಿ ನಿಂತಳು. ಅವನು ಕೊಟ್ಟ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಅವಳು ಎಲ್ಲವನ್ನೂ ಓದಿದಳು. ಒಂದೊಂದು ಹಾಳೆ ಮುಗಿದಾಗ ಅದನ್ನು ನೀಟಾಗಿ ಕೆಳಗಿಡುತ್ತಿದ್ದಳು. ‘ಬಟಾಣಿಯನ್ನು ಹೊಳೆಗೆ ಕಳಿಸೋ ಅಕ್ಕ’ ಎಂಬ ಸಾಲಿನ ಹತ್ತಿರ ಅವಳ ಬೆರಳು ನಿಂತಿತು. ಆಮೇಲೆ ಮುಂದೆ ಹೋಯಿತು. ಬೈಯುವಳು, ಅಳುವಳು, ಹೊಡೆದಾದರೂ ಹೊಡೆಯುವಳು ಎಂದು ಸುಜಯ ಕಾದ. ಹೊಡೆದಿದ್ದರೆ ಚೆನ್ನಾಗಿತ್ತು.

ಕೊನೆಯ ಹಾಳೆಗೆ ಬಂದಾಗ ಅವಳು ತಲೆ ಎತ್ತಿದಳು.

“ನನ್ನ ಹೆಸರು ಹಾಕೀದಿ.”

“ಅವ್ರು ನನ್ನ ಗ್ರೂಪಿನಿಂದ ತಗೀತೀವಿ ಅಂದ್ರು, ಅನುಕ್ಕಾ…”

“ಅವ್ರು ಅಂದದ್ದು ಬಿಡು. ಅವ್ರಿಗೇನು, ಶಿವು ಗೊತ್ತಿಲ್ಲ.” ಅವಳು ಕೊನೆಯ ಹಾಳೆಯನ್ನೂ ಕೆಳಗಿಟ್ಟಳು. “ನಿನಗ ಗೊತ್ತಿದ್ದ.”

ಸುಜಯನ ಕಣ್ಣಲ್ಲಿ ನೀರು ತುಂಬಿ ಹಿತ್ತಲೆಲ್ಲ ಮಸುಕಾಯಿತು. ಶಿವು ಅವನ ಹೆಗಲ ಮೇಲೆ ಕುಳಿತು ಪೇರಲಕಾಯಿ ಕೀಳುತ್ತಿದ್ದ. ಅವನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿ ಒದೆಯುತ್ತಿದ್ದ. ಗೊತ್ತಿದ್ದ. ಚೆನ್ನಾಗಿ ಗೊತ್ತಿದ್ದ.

“ಮನ್ಯಾಗ ಯಾರಿಗೂ ಹೇಳಾಕ ಆಗಲಿಲ್ಲ,” ಎಂದಳು ಅನುರಾಧಾ, ಕಾಗದಗಳನ್ನು ಮಡಚುತ್ತ. “ಗುರ್ತು ಇರಲಾರದವ್ರು ಏನಂತಾರ ನೋಡೂಣು ಅಂದ್ಕೊಂಡೆ. ನೋಡಿದ್ನಲ್ಲ. ನಮ್ಮವ್ವಗ ಹೇಳ್ತೀ ಏನು?”

ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ಉಳಿದ ಬಟ್ಟೆಗಳನ್ನು ಹಿಂಡಿ ತಂತಿಯ ಮೇಲೆ ಹಾಕಿದಳು.

“ಅನೂ, ಸುಜಯಾ, ಉಣ್ಣಾಕ ಬರ್ರಿ!” ಒಳಗಿನಿಂದ ಸಾವಂತ್ರವ್ವತ್ತೆ ಕರೆದರು. ಅನುರಾಧಾಳ ಅವ್ವ.

ಎಲ್ಲರೂ ಊಟಕ್ಕೆ ಕುಳಿತರು. ಮಾಮಾ, ಸುಜಯನ ಅವ್ವ, ಅನುರಾಧಾ, ಎದುರಿಗೆ ಸುಜಯ. ಅತ್ತೆ ಬಿಸಿ ಅನ್ನ ಬಡಿಸಿದರು, ಮೇಲೆ ಬೇಳೆ, ಮೇಲೆ ತುಪ್ಪ. ಎಂಟು ತಿಂಗಳಲ್ಲಿ ಅತ್ತೆಯ ಕೂದಲು ಅರ್ಧ ಬೆಳ್ಳಗಾಗಿತ್ತು.

“ಹೇಳದ ಕೇಳದ ಹೋದ ನಮ್ಮ ಶಿವು,” ಎಂದರು ಅತ್ತೆ, ಸುಜಯನ ತಲೆ ಸವರಿ. ದಿನವೂ ಹೇಳುವ ಮಾತನ್ನು ಹೇಳುವ ಹಾಗೆ ಹೇಳಿದರು. “ಒಂದ್ ಮಾತು ಅಕ್ಕಗರೆ ಹೇಳಿ ಹೋಗಿದ್ರ ಆಕಿ ಬಿಡ್ತಿದ್ಲೇನು? ಬಿಡ್ತಿರಲಿಲ್ಲ.”

ಅನುರಾಧಾ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದಳು.

ಸುಜಯ ತುತ್ತು ಬಾಯಿಗಿಟ್ಟ. ಅದು ಇಳಿಯಲಿಲ್ಲ. ಅತ್ತೆಯ ಮುಖ ನೋಡಲಾಗಲಿಲ್ಲ. ಎದ್ದು ಹೋಗಬೇಕೆನ್ನಿಸಿತು, ಎದ್ದರೆ ಯಾಕೆ ಎಂದು ಕೇಳುತ್ತಾರೆ. ಅತ್ತರೂ ಯಾಕೆ ಎಂದು ಕೇಳುತ್ತಾರೆ.

“ಯಾಕಪಾ, ಸಪ್ಪಗೈತೇನು? ಉಪ್ಪು ಹಾಕ್ಲೇನು?” ಎಂದರು ಅತ್ತೆ.

“ಬ್ಯಾಡತ್ತಿ. ಚಲೋ ಐತಿ,” ಎಂದ ಸುಜಯ.

ಅದನ್ನು ಕೇಳಿ ಅನುರಾಧಾ ಒಮ್ಮೆ ಮಾತ್ರ ಅವನ ಕಡೆ ನೋಡಿದಳು. ಸುಜಯ ನೀರು ಕುಡಿದು ತುತ್ತನ್ನು ನುಂಗಿದ, ಇನ್ನೊಂದು ತುತ್ತು ಎತ್ತಿಕೊಂಡ. ಅವನಿಗೆ ಇದು ಒಂದು ಊಟ. ಎಂಟು ತಿಂಗಳಿಂದ ದಿನಕ್ಕೆ ಎರಡು ಹೊತ್ತು ಅನುರಾಧಾ ಇಲ್ಲೇ ಕುಳಿತು, ಇದೇ ಮಾತು ಕೇಳುತ್ತ, ಹೀಗೆಯೇ ಉಣ್ಣುತ್ತಿದ್ದಳು.