ಇಪ್ಪತ್ತನಾಲ್ಕು ಚಕ್ರಗಳ ಗಾಳಿ

ದಿನಾಂಕ ಹದಿನಾಲ್ಕು, ಬೆಳಿಗ್ಗೆ ಆರು ಐವತ್ತಕ್ಕೆ ದ್ವೀಪದ ಠಾಣೆಗೆ ಹನ್ನೆರಡು ಜನ ಒಟ್ಟಿಗೇ ನುಗ್ಗಿದರು. ಠಾಣೆಯಲ್ಲಿದ್ದದ್ದು ಮೂರೇ ಕುರ್ಚಿ. ಇನ್ಸ್‌ಪೆಕ್ಟರ್ ಇನ್ನೂ ಕಾಫಿ ಲೋಟ ಎತ್ತಿರಲಿಲ್ಲ, ಹನ್ನೆರಡು ಬಾಯಿಗಳೂ ಶುರುವಾದವು.

"ಒಬ್ಬೊಬ್ರೇ ಮಾತಾಡ್ರೀ! ಇದೇನು ಸಂತೆನಾ?" ಎಂದು ಅವರು ಮೇಜು ಕುಟ್ಟಿದರು.

ಮುಂದೆ ಬಂದವರು ತಂಡದ ನಾಯಕಿ. ಐವತ್ತು ದಾಟಿದ ಹೆಂಗಸು. ಎಲ್ಲರ ಬಾಯಲ್ಲೂ ಕ್ಯಾಪ್ಟನ್. ಐದು ದಿನದ ಸೈಕಲ್ ಪ್ರವಾಸವಂತೆ. ದೋಣಿಗೆ ಸೈಕಲ್ ಹೇರಿಕೊಂಡು ದ್ವೀಪದಿಂದ ದ್ವೀಪಕ್ಕೆ ಮೂರು ದಿನ ತುಳಿದಾಗಿತ್ತು. ಇವತ್ತು ಈ ದೊಡ್ಡ ದ್ವೀಪದ ಕಾಡಿನ ಹಾದಿ ಹಿಡಿಯಬೇಕಿತ್ತು: ಎರಡು ದಿನ, ತೊಂಬತ್ತು ಕಿಲೋಮೀಟರ್, ನಡುವೆ ಒಂದು ಮನೆಯಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ. ಬೆಳಿಗ್ಗೆದ್ದು ನೋಡಿದರೆ ಲಾಡ್ಜಿನ ಶೆಡ್ಡಿನಲ್ಲಿ ಹನ್ನೆರಡೂ ಸೈಕಲ್ಲುಗಳ ಟೈರು ಠುಸ್. ಗಾಳಿ ತಡೆದಿಡುವ ಪುಟ್ಟ ವಾಲ್ವ್ ಪಿನ್ನುಗಳನ್ನು ಯಾರೋ ಬಿಚ್ಚಿ ಒಯ್ದಿದ್ದರು.

"ಗಾಳಿ ಹೋಗಿದ್ದಕ್ಕೆಲ್ಲ ಎಫ್‌ಐಆರಾ ಮೇಡಂ?"

"ಕಳವು ಕಳವೇ ಅಲ್ವಾ? ಯಾರೋ ಪುಂಡರ ಕೆಲಸ. ಬರ್ಕೊಳ್ಳೋ ತನಕ ನಾನಿಲ್ಲಿಂದ ಕದಲಲ್ಲ."

ಕರ್ಮ, ಎಂದುಕೊಂಡು ಇನ್ಸ್‌ಪೆಕ್ಟರ್ ಬರೆಸಿಕೊಂಡರು. ಕಾಫಿ ಆರಿ ಹೋಯಿತು.

ಎಂಟೂಕಾಲಿಗೆ ಶೆಡ್ಡಿನಲ್ಲಿ ಪಂಚನಾಮೆ. ಪಂಚರಾಗಿ ಲಾಡ್ಜಿನ ಅಡುಗೆಯವನು, ದೋಣಿಯ ಟಿಕೆಟಿನವನು.

"ಸಾರ್, ಪಿನ್ನಿಲ್ಲ ಅಂತ ಇಪ್ಪತ್ನಾಲ್ಕು ಸಲ ಬರೀಲಾ?" ದಫೇದಾರ ಕೇಳಿದ.

"ನನ್ನ ತಲೆ ಬರಿ. ಸುಮ್ನೆ ನೋಡು."

ಇನ್ಸ್‌ಪೆಕ್ಟರ್ ಸೊಂಟ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತರು. ಪಿನ್ನು ಹೋಗಿತ್ತು, ಆದರೆ ಅದರ ಮೇಲಿನ ಕರಿ ಮುಚ್ಚಳ ಮಾತ್ರ ಭದ್ರವಾಗಿ ತಿರುಗಿಸಿಟ್ಟಿತ್ತು. ಪಕ್ಕದ ಚಕ್ರದಲ್ಲೂ ಹಾಗೇ. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ! ಅವಸರದಲ್ಲಿ ಕದಿಯಲು ಬಂದ ಪುಂಡ ಮುಚ್ಚಳ ಯಾಕೆ ಹಾಕುತ್ತಾನೆ? ಅದು ಮುಚ್ಚಳ ಹಾಕುವ ಚಾಳಿ ಕೈಗೆ ಅಂಟಿದವರ ಕೆಲಸ.

ಅವರು ಹನ್ನೆರಡೂ ಜನರನ್ನು ಸಾಲಾಗಿ ನಿಲ್ಲಿಸಿದರು. "ನಿಮ್ನಿಮ್ಮ ಸೈಕಲ್ಲಿನ ಒಂದೊಂದು ಮುಚ್ಚಳ ತೆಗೆದು ತೋರ್ಸಿ. ಆಯ್ತಾ? ಸರಿ, ಹೋಗಿ ತಿಂಡಿ ತಿನ್ನಿ."

ಹತ್ತು ಜನ ಮುಚ್ಚಳವನ್ನು ನೆಲಕ್ಕೆ ಬಿಟ್ಟು ನಡೆದರು. ಕ್ಯಾಪ್ಟನ್ ಜೇಬಿಗೆ ಹಾಕಿಕೊಂಡು ಗೊಣಗಿದರು. ಮುಚ್ಚಳವನ್ನು ಮತ್ತೆ ತಿರುಗಿಸಿ ಹಾಕಿಯೇ ಎದ್ದವರು ಒಬ್ಬರೇ: ಕ್ಯಾಪ್ಟನ್ನರ ಗಂಡ, ತಂಡದ ಮೆಕ್ಯಾನಿಕ್, ಮೂವತ್ತು ವರ್ಷದಿಂದ ಸೈಕಲ್ ಅಂಗಡಿ ಇಟ್ಟವರು.

ಒಂಬತ್ತು ನಲವತ್ತು. ಠಾಣೆಯ ಹಿಂದಿನ ಕೋಣೆ.

"ಪಿನ್ನೆಲ್ಲಿ?"

ಮೆಕ್ಯಾನಿಕ್ ಚೀಲದಿಂದ ಗಂಟು ಹಾಕಿದ ಕಾಲುಚೀಲ ತೆಗೆದು ಮೇಜಿನ ಮೇಲಿಟ್ಟರು.

"ಸಮುದ್ರಕ್ಕೆ ಎಸೆದಿದ್ರೆ ಸಾಕ್ಷಿನೇ ಇರ್ತಿರ್ಲಿಲ್ವಲ್ರೀ!"

"ಒಳ್ಳೇ ಪಿನ್ನು ಸಾರ್. ಎಸೆಯೋಕೆ ಮನಸ್ಸು ಬರುತ್ತಾ?"

"ಯಾಕೆ ತೆಗೆದ್ರಿ?"

ಅವರು ಕೈಯ ಗ್ರೀಸು ಉಜ್ಜುತ್ತಾ ಕೂತರು. "ನನ್ನ ಹೆಂಡ್ತಿ ಮೊನ್ನೆ ದೋಣಿ ಇಳೀವಾಗ ತಲೆ ಸುತ್ತಿ ಬಿದ್ಲು. ನಿನ್ನೆ ಏರಿನಲ್ಲಿ ಎದೆ ಹಿಡ್ಕೊಂಡು ಕೂತ್ಲು, ಎಡಗೈ ಸೆಳೀತಿದೆ ಅಂದ್ಲು. ಗ್ಯಾಸಂತೆ! ಯಾರ ಹತ್ರಾನೂ ಬಾಯಿ ಬಿಡಬಾರ್ದು ಅಂತ ಆಣೆ ಬೇರೆ. ಬೇಡ್ಕೊಂಡೆ, ಜಗಳ ಆಡ್ದೆ, ಊಟ ಬಿಟ್ಟೆ. ಆ ಕಾಡಿನ ಮಧ್ಯೆ ಏನಾದ್ರೂ ಆದ್ರೆ ನಾನು ಯಾರನ್ನ ಕೂಗ್ಲಿ ಸಾರ್?"

"ಅವರದ್ದೊಂದೇ ಸೈಕಲ್ ಕೆಡಿಸಿದ್ರೆ ಸಾಕಿತ್ತಲ್ಲ?"

"ಇನ್ನೊಬ್ರದ್ದು ಕಿತ್ಕೊಂಡು ಹೊರಟೇ ಬಿಡ್ತಿದ್ಲು."

"ಈಗ ನನಗೆ ಹೇಳ್ಬಿಟ್ರಲ್ಲ, ಆಣೆ?"

"ಪೊಲೀಸ್ರು ಕೇಳಿದ್ರೆ ಹೇಳ್ದೆ ಇರೋಕಾಗುತ್ತಾ?"

ಕ್ಯಾಪ್ಟನ್ನರನ್ನು ಕರೆಸಿದ್ದಾಯಿತು. ಅವರು ಗಂಡನನ್ನು ನೋಡಿದರು, ಕಾಲುಚೀಲ ನೋಡಿದರು, ಕೆಂಡವಾದರು. "ಮಾನ ಕಳೆದ್ರಲ್ರೀ! ಸಾರ್, ದೂರು ವಾಪಸ್ ತಗೋತೀನಿ. ಪಿನ್ ಕೊಡಿ, ಮಧ್ಯಾಹ್ನ ಹೊರಡ್ತೀವಿ."

"ಆಗಲ್ಲ ಮೇಡಂ. ಪಟ್ಟು ಹಿಡಿದು ಎಫ್‌ಐಆರ್ ಮಾಡ್ಸಿದ್ದು ನೀವೇ. ಪಿನ್ನು ಈಗ ಕೇಸಿನ ಮಾಲು. ಆರೋಪಿನ ದಡದ ಪಟ್ಟಣದ ಕೋರ್ಟಲ್ಲಿ ಹಾಜರುಪಡಿಸ್ಬೇಕು. ದೂರುದಾರರೂ ಜೊತೆಗೆ ಬರ್ಬೇಕು."

"ನಾನ್ಯಾಕೆ?"

"ನಿಯಮ."

ಅಂಥ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ. ದಫೇದಾರ ಬಾಯಿ ತೆರೆಯಲು ಹೋದವನು ಸಾಹೇಬರ ಕಣ್ಣು ನೋಡಿ ಮುಚ್ಚಿಕೊಂಡ.

ಹತ್ತು ಐವತ್ತಕ್ಕೆ ಬಂಧನ. ಹನ್ನೊಂದೂಕಾಲರ ದೋಣಿ. ದಡದಲ್ಲಿ ಇಳಿದು ಹತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಕ್ಯಾಪ್ಟನ್ನರ ಮುಖ ಬೆವರಿ ಬೆಳ್ಳಗಾಯಿತು. ಗಂಡ ಕೈ ಚಾಚಿದರು. "ಮುಟ್ಬೇಡಿ," ಎಂದರು ಕ್ಯಾಪ್ಟನ್. ಇನ್ನೆರಡು ಮೆಟ್ಟಿಲು ಹತ್ತಿ ತಾವೇ ಆ ಕೈ ಹಿಡಿದುಕೊಂಡರು.

ಕೋರ್ಟಿಗೆ ಬಲಕ್ಕೆ ಹೋಗಬೇಕಿತ್ತು. ಇನ್ಸ್‌ಪೆಕ್ಟರ್ ದಡದ ಠಾಣೆಯಿಂದ ಬಂದಿದ್ದ ಜೀಪನ್ನು ಎಡಕ್ಕೆ, ಆಸ್ಪತ್ರೆಯ ಕಡೆಗೆ ತಿರುಗಿಸಿದರು.

ಒಂದೂವರೆಗೆ ಡಾಕ್ಟರು ಹೊರಬಂದು, ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ನಾಳೆವರೆಗೆ ಕಾದಿದ್ದರೆ ಕೈ ಮೀರುತ್ತಿತ್ತು ಎಂದರು. ಆರೋಪಿ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತರು. ಇನ್ಸ್‌ಪೆಕ್ಟರ್ ಪಕ್ಕದಲ್ಲೇ ಕೂತು ಕೇಸ್ ಡೈರಿ ಬಿಡಿಸಿದರು. ಕೃತ್ಯಕ್ಕೆ ಕಾರಣ ಎನ್ನುವ ಕಡೆ ತುಂಬಾ ಹೊತ್ತು ಪೆನ್ನು ಹಿಡಿದಿದ್ದು, ಕೊನೆಗೆ ಬರೆದರು: ಆರೋಪಿಯ ಹೆಂಡತಿ ಯಾರ ಮಾತೂ ಕೇಳುವವರಲ್ಲ.