ಬೀಗದ ಶೆಡ್ಡಿನಲ್ಲಿ ಮೂರು ಪೆಟ್ಟು

2025ರ ನವೆಂಬರ್ 11, ಮಂಗಳವಾರ. ಕುರುಗೋಡಿನ ಗುಲ್ಜಾರಬೀ ಬೆಳಿಗ್ಗೆಯೇ ಬಳ್ಳಾರಿಯ ಠಾಣೆಗೆ ಬಂದು, ಸತ್ತುಹೋದ ತನ್ನ ಗಂಡ ಇನ್ನೂ ಕೆಲಸಕ್ಕೆ ಬರುತ್ತಿದ್ದಾನೆ ಎಂದು ದೂರು ಕೊಟ್ಟಳು. ಇದಕ್ಕೆ ಯಾವ ಕಲಂ ಹಾಕಬೇಕೆಂದು ತಿಳಿಯದೆ ಠಾಣೆಯ ರೈಟರ್ ಪೆನ್ನು ಕೆಳಗಿಟ್ಟ. ಇನ್‌ಸ್ಪೆಕ್ಟರ್ ಶೀಲಾ ಆಕೆಯನ್ನು ಒಳಗೆ ಕರೆದು ಕೂರಿಸಿದರು.

"ಎಲ್ಲಿಗೆ ಬರ್ತಾರಮ್ಮ?"

"ಶೆಡ್ಡಿಗೆ ರೀ. ನೀವ ಬೀಗ ಹಾಕಿ ಮೊಹರು ಮಾಡೀರಲ್ಲ, ಅದರೊಳಗ. ಎದುರಿನ ಚಾದಂಗಡಿ ಮಂಜಮ್ಮ ಫೋನ್ ಮಾಡಿದ್ಲು. ನಿನ್ನಿ ಹೊತ್ತು ಮುಳುಗೋ ವ್ಯಾಳ್ಯಾಕ ನಾನ ಹೋಗಿ ಕೇಳೀನಿ. ಟಣ್ ಟಣ್ ಅಂತ ಎರಡು, ತುಸು ತಡದು ಒಂದು. ಹಂಗ ಬಡಿಯೋರು ನಮ್ಮನಿಯವರು ಒಬ್ಬರ."

"ನಾವೇನು ಮಾಡಬೇಕು?"

"ಒಳಗ ಯಾರದಾರ ನೋಡ್ರಿ. ದೇಶನೂರಿನವನ ಕಣ್ಣು ಹೋಗಿದ್ದು ಇವರಿಂದ ಅಂತಾರ. ಸತ್ತ ಮ್ಯಾಲೂ ಬೈಸ್ಕೊಳ್ಳಾಕತ್ತಾರ. ಆ ಹೆಸರು ತೊಳದು ಕೊಡ್ರಿ, ಸಾಕು."

ಶೀಲಾ ಹಳೆಯ ಕಡತ ತರಿಸಿದರು. ಬಳ್ಳಾರಿಯ ಸಾಹುಕಾರ ಮರಿಬಸಪ್ಪನ ಆ ಶೆಡ್ಡಿನಲ್ಲಿ ಗಡಸು ಉಕ್ಕಿನ ಅಲಗು, ಅಚ್ಚುಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಬಗ್ಗಿಸಿಕೊಡುತ್ತಾರೆ. ಅದು ಮಹಾ ಹಟಮಾರಿ ಉಕ್ಕು. ಕಾಯಿಸದೆ ಪ್ರೆಸ್ಸಿನಲ್ಲಿ ಒತ್ತಿದರೆ ಬಾಗುವುದಿಲ್ಲ, ಸಿಡಿಯುತ್ತದೆ. ಬಾಗಿದ ಮೇಲೂ ಕಣ್ಣಿಗೆ ಕಾಣದ ಬಿರುಕು ಒಳಗೆ ಉಳಿದಿರಬಹುದು. ಅದಕ್ಕೇ ಪ್ರತಿ ತುಂಡನ್ನೂ ತಂತಿಗೆ ತೂಗುಹಾಕಿ ಮರದ ಸುತ್ತಿಗೆಯಿಂದ ಬಡಿದು ನೋಡುತ್ತಾರೆ. ಗಟ್ಟಿಯಾದದ್ದು ಬಹಳ ಹೊತ್ತು ಹಾಡುತ್ತದೆ, ಬಿರುಕು ಬಿಟ್ಟದ್ದು ಟಪ್ ಎಂದು ಸುಮ್ಮನಾಗುತ್ತದೆ. ಬಗ್ಗಿಸಿದವನು ಬಡಿಯಬಾರದು, ಜೊತೆಗಾರನೇ ಬಡಿಯಬೇಕು ಎಂಬುದು ಅಲ್ಲಿನ ಕಟ್ಟಳೆ. ಗುಲ್ಜಾರಬೀಯ ಗಂಡ ಇಮಾಮಹುಸೇನ್ ಬಗ್ಗಿಸಿದ್ದನ್ನು ಅವನ ಜೊತೆಗಾರ ಸಿರಿಗೇರಿಯ ಎರ್ರಣ್ಣ ಬಡಿಯುತ್ತಿದ್ದ, ಎರ್ರಣ್ಣನದನ್ನು ಇಮಾಮಹುಸೇನ್.

ಇಮಾಮಹುಸೇನ್ ಬಗ್ಗಿಸಿದ ಅಲಗೊಂದು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಸಿಡಿದು ದೇಶನೂರಿನ ದೊಡ್ಡಬಸವರಾಜನ ಕಣ್ಣು ಹೋಗಿತ್ತು. ಅವಸರದಲ್ಲಿ ಇಮಾಮ ತಾನೇ ಬಡಿದು ನೋಡಿ ಸರಿಯಿದೆ ಎಂದು ಕಳಿಸಿಬಿಟ್ಟ ಎಂದು ಎರ್ರಣ್ಣ ಹೇಳಿದ್ದು ಇಮಾಮ ಸತ್ತ ಮೇಲೆ. ಅಲಗು ಸಿಡಿದ ಕೆಲವೇ ದಿನಕ್ಕೆ ಇಮಾಮಹುಸೇನ್ ಪ್ರೆಸ್ಸಿನ ಮುಂದೆ ಸತ್ತುಬಿದ್ದಿದ್ದ, ಕುತ್ತಿಗೆಯಲ್ಲಿ ಉಕ್ಕಿನ ಚೂರು. ಪಂಚನಾಮೆಯ ಪ್ರಕಾರ ಕುಲುಮೆ ತಣ್ಣಗಿತ್ತು, ಚೂರು ಹಾರದಂತೆ ಪ್ರೆಸ್ಸಿಗೆ ಕಟ್ಟುವ ತಗಡು ಕಳಚಿ ಗೋಡೆಗೆ ಒರಗಿತ್ತು. ಮೃತನ ಅಜಾಗರೂಕತೆ ಎಂದು ಅಸಹಜ ಸಾವಿನ ಪ್ರಕರಣ, ಅಂದರೆ ಯುಡಿಆರ್, ದಾಖಲಾಗಿ ಶೆಡ್ಡಿಗೆ ಮೊಹರು ಬಿದ್ದಿತ್ತು. ಅಷ್ಟು ವರ್ಷ ದುಡಿದವನು ಒಂದೇ ದಿನ ಎರಡು ತಪ್ಪು ಮಾಡಿದ ಎಂಬುದನ್ನು ಶೀಲಾ ನಂಬಲಿಲ್ಲ.

ಅಂದು ಸಂಜೆ ಅವರು ಹೆಡ್ ಕಾನ್‌ಸ್ಟೆಬಲ್ ಕೆಂಚಣ್ಣನ ಜೊತೆ ಮಂಜಮ್ಮನ ಅಂಗಡಿಯಲ್ಲಿ ಕುಳಿತರು. ಕತ್ತಿ ಹಿಡಿದ ಕಳ್ಳನ ಮೇಲೆ ಹಾರಿಬೀಳುವ ಕೆಂಚಣ್ಣ ಇವತ್ತು ಚಹಾ ಕುಡಿಯುವುದನ್ನೂ ಮರೆತಿದ್ದ. ಶೆಡ್ಡಿನ ಬೀಗದ ಮೇಲೆ ಅರಗಿನ ಮೊಹರು ಹಾಗೇ ಇತ್ತು.

ಸೂರ್ಯ ಮುಳುಗಿ ಬೀದಿ ಮಸುಕಾಯಿತು. ಒಳಗಿನಿಂದ ಟಣ್, ಟಣ್. ಸ್ವಲ್ಪ ತಡೆದು, ಟಣ್. ಆ ದನಿ ನಿಲ್ಲದೆ ತಗಡಿನ ಗೋಡೆಯನ್ನೆಲ್ಲ ಗುಂಯ್‌ಗುಡಿಸಿತು. ಬೀದಿನಾಯಿಗಳು ಬೊಗಳದೆ ದೂರ ಸರಿದವು.

"ಇಮಾಮಣ್ಣ ಇಷ್ಟು ಜೋರು ಬಡೀತಿರಲಿಲ್ರಿ," ಎಂದಳು ಮಂಜಮ್ಮ. "ಸತ್ತ ಮ್ಯಾಲ ಕೈಗೆ ಬಲ ಬಂದೈತಿ."

ಕೆಂಚಣ್ಣ ಕೊರಳಿನ ತಾಯಿತ ಮುಟ್ಟಿಕೊಂಡ. ಶೀಲಾ ಅವನನ್ನು ಎಬ್ಬಿಸಿಕೊಂಡು ಶೆಡ್ಡಿನ ಹಿಂಬದಿಗೆ ಹೋದರು. ಒಂದು ತಗಡಿನ ಬೋಲ್ಟುಗಳು ಸಡಿಲಾಗಿದ್ದವು. ಅದನ್ನು ಸರಿಸಿ ಇಬ್ಬರೂ ಒಳಗೆ ನುಸುಳಿದರು.

ಮಬ್ಬಿನಲ್ಲಿ ಐದು ಅಲಗುಗಳು ತೂಗಾಡುತ್ತಿದ್ದವು. ಅವುಗಳ ನಡುವೆ ಒಬ್ಬ ಬೆನ್ನು ಹಾಕಿ ನಿಂತಿದ್ದ. ಒಂದು ಅಲಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಸುತ್ತಿಗೆ ಎತ್ತಿದ್ದ.

"ಯಾರಲೇ ಅದು!" ಕೆಂಚಣ್ಣ ಕೂಗಿದ.

ಅವನು ತಿರುಗಲಿಲ್ಲ. ಟಣ್, ಟಣ್. ಟಣ್.

"ಲೇ, ನಿಂತ್ಕೊ!"

ಅವನು ಅಲಗು ಬಿಟ್ಟು, ನಿಧಾನವಾಗಿ ಪಕ್ಕದ್ದನ್ನು ಕಚ್ಚಿದ. ಕೆಂಚಣ್ಣ ಒಂದು ಹೆಜ್ಜೆ ಹಿಂದೆ ಸರಿದ. ಶೀಲಾ ಅವರಿಗೂ ಭಯವಾಯಿತು, ಆದರೂ ಹತ್ತಿರ ಹೋಗಿ ಟಾರ್ಚ್ ಹಾಕಿದರು. ಬೆಳಕು ಬಿದ್ದಾಗಷ್ಟೇ ಅವನು ಬೆಚ್ಚಿ ತಿರುಗಿದ. ಎರ್ರಣ್ಣ.

ಠಾಣೆಯಲ್ಲಿ ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಸಾಮಾನು ಮರೆತಿದ್ದೆ, ತರಾಕ ಹೋಗಿದ್ದೆ ಎಂದ. ಮಾತಾಡುವವರ ತುಟಿಯಿಂದ ಮಾತ್ರ ಕಣ್ಣು ಕದಲಿಸುತ್ತಿರಲಿಲ್ಲ. ಶೀಲಾ ಎದ್ದು ಕಿಟಕಿಯ ಕಡೆ ಮುಖ ಮಾಡಿ ಕೇಳಿದರು: "ಇಮಾಮಹುಸೇನನ್ನ ಯಾಕೆ ಕೊಂದೆ?"

ಕೆಂಚಣ್ಣ ಬೆಚ್ಚಿಬಿದ್ದ. ಎರ್ರಣ್ಣ ಸುಮ್ಮನೆ ಮೇಜು ನೋಡುತ್ತಿದ್ದ.

ಶೀಲಾ ತಿರುಗಿ ಅವನೆದುರು ಕುಳಿತರು. "ಕಿವಿ ಯಾವಾಗಿಂದ ಕೇಳಿಸಲ್ಲ?"

ಅವನ ಮುಖ ಬಾಡಿತು. "ವರ್ಷಾತ್ರಿ. ಮದಲು ಸಣ್ಣ ದನಿ ಹೋತು, ಆಮ್ಯಾಲ ಎಲ್ಲಾ."

"ಗಿರಣಿಯ ಅಲಗು ಬಡಿದವರು ಯಾರು?"

"ನಾನ. ಏನೂ ಕೇಳಿಸಲಿಲ್ಲ. ಛಲೋ ಐತಿ ಅಂದುಬಿಟ್ಟೆ."

"ಇಮಾಮನಿಗೆ ಗೊತ್ತಾಯಿತಾ?"

"ಗೊತ್ತಾತು. ಸಾಹುಕಾರಗ ಹೇಳ್ತೀನಿ, ಇನ್ನೊಬ್ಬರ ಕಣ್ಣು ಹೋಗಬಾರದು ಅಂದ. ಕಾಲು ಹಿಡದೆ, ಕೇಳಲಿಲ್ಲ."

"ಆಮೇಲೆ?"

"ತಗಡು ಕಳಚಿ ಇಟ್ಟೆ. ಅಲಗು ಸೊಟ್ಟ ಕುಂತೈತಿ, ಬಗ್ಗಿ ನೋಡು ಅಂದೆ. ಬಗ್ಗಿದ. ತಣ್ಣನ್ನ ಉಕ್ಕಿನ ಮ್ಯಾಲ ಪ್ರೆಸ್ ಬಿಟ್ಟೆ."

"ದಿನಾ ಯಾಕೆ ಹೋಗ್ತಿದ್ದೆ?"

"ಆ ಐದೂ ನಾ ಬಗ್ಗಿಸಿದ್ದು. ಬೀಗ ತಗದಮ್ಯಾಲ ಗಿರಣಿಗೆ ಹೋಗ್ತಾವ. ಒಡಕು ಇದ್ರ? ಬಗ್ಗಿಸಿದವ ಬಡೀಬಾರದಲ್ರಿ, ಅದಕ್ಕ ಇಮಾಮನ ಬದಲಿಗೆ ಅವನಂಗ ಬಡದೆ. ಕಿವಿಗೆ ಸಿಗದ ಅಲಗಿನ ನಡುಕ ಹಲ್ಲಿಗಾದ್ರೂ ಸಿಗ್ತೈತೇನೋ ಅಂತ ಕಚ್ಚಿ ಹಿಡದೆ." ತಲೆ ಎತ್ತಿದ. "ನೀವ್ ಹೆಂಗ ಬಂದ್ರಿ ಮೇಡಂ? ಮೆಲ್ಲಕ ಬಡೀತಿದ್ನಲ್ಲ. ಹೊರಗ ಯಾರಿಗೂ ಕೇಳಿಸ್ತಿರಲಿಲ್ಲ."



ಗುಲ್ಜಾರಬೀಯ ದೂರಿನ ಮೇಲೆ ಭಾರತೀಯ ನ್ಯಾಯ ಸಂಹಿತೆಯ ಕಲಂ 103ರಡಿ ಕೊಲೆಯ ಎಫ್‌ಐಆರ್ ದಾಖಲಾಯಿತು, ಎರ್ರಣ್ಣನ ಬಂಧನವಾಯಿತು. ಕಳಚಿದ ತಗಡಿನ ಮೇಲೆ ಅವನ ಬೆರಳಚ್ಚು ಸಿಕ್ಕಿತು, ಇಮಾಮನದು ಒಂದೂ ಇರಲಿಲ್ಲ. ಕಿವಿ ವೈದ್ಯರ ವರದಿಯೂ ಬಂತು. ಅವನಿಗೆ ಇಮಾಮನ ಮೇಲೆ ದ್ವೇಷವಿರಲಿಲ್ಲ. ಕಿವುಡ ಎಂದು ತಿಳಿದರೆ ಕೈಗೆ ಕಸಬರಿಗೆ ಕೊಡುತ್ತಾರೆ, ಸಿರಿಗೇರಿಯಿಂದ ಬಳ್ಳಾರಿಯವರೆಗೆ ಉಕ್ಕಿನ ಎರ್ರಣ್ಣ ಎನಿಸಿಕೊಂಡವನು ಬರೀ ಕಿವುಡನಾಗುತ್ತಾನೆ, ಅದೊಂದೇ ಅಂಜಿಕೆ. ಅಷ್ಟಕ್ಕೆ ಒಬ್ಬನ ಜೀವ ಹೋಗಿತ್ತು.

ದೋಷಾರೋಪ ಪಟ್ಟಿ ಸಲ್ಲಿಸಿದ ದಿನ ಅವರು ಕುರುಗೋಡಿಗೆ ಹೋದರು. ಅಂಗಳದಲ್ಲಿ ನಿಂತು ಒಂದು ಸಾಲು ಓದಿದರು: "ಸದರಿ ಅಲಗನ್ನು ಬಡಿದು ನೋಡಿ ಒಪ್ಪಿದವನು ಮೃತ ಇಮಾಮಹುಸೇನ್ ಅಲ್ಲ."

ಗುಲ್ಜಾರಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನಗ ಗೊತ್ತಿದ್ದದ್ದ ಐತಿ ಮೇಡಂ. ಇದನ್ನ ದೇಶನೂರಿಗೆ ಹೋಗಿ ಓದ್ರಿ."

ಕೆಂಚಣ್ಣ ಜೀಪನ್ನು ದೇಶನೂರಿನ ಕಡೆ ತಿರುಗಿಸಿದ.