ವಾಸಿಯಾದ ಮೇಲಿನ ಕೆಮ್ಮು

ಕೆಮ್ಮು ವಾಸಿಯಾಗಿ ಆರು ದಿನವಾಗಿತ್ತು. ಆದರೂ ಅವಳು ಕೆಮ್ಮಿದಳು.

"ಹಿಮನದಿಗಳು ಬಹಳ ನಿಧಾನವಾಗಿ ಚಲಿಸುತ್ತವೆ," ಎಂದು ಮೈಕಿನ ಮುಂದೆ ಸ್ಪಷ್ಟವಾಗಿ ಓದಿ ಮುಗಿಸಿದಳು. ಪುಸ್ತಕದಿಂದ ಮುಖ ತಿರುಗಿಸಿ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಎರಡು ಸಲ ಕೆಮ್ಮಿದಳು. ಆಮೇಲೆ ಗಾಜಿನ ಆಚೆ ಕುಳಿತವನನ್ನು ಕಡೆಗಣ್ಣಿನಲ್ಲಿ ನೋಡಿದಳು.

ಅವನು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದ. ಹುಬ್ಬು ಸ್ವಲ್ಪ ಮೇಲೇರಿತು. ಮೊದಲು ಅವಳ ಮುಖ ನೋಡಿದ, ಆಮೇಲೆ ಮೇಜಿನ ಮೂಲೆಯಲ್ಲಿದ್ದ ಫ್ಲಾಸ್ಕನ್ನು ನೋಡಿದ. ಎದ್ದ.

ಅವನು ಏಳುವುದನ್ನು ನೋಡಿ ಅವಳ ಎದೆ ಹಿಗ್ಗಿತು. ಮರುಕ್ಷಣವೇ ಅದೇ ಎದೆ ನಾಚಿಕೆಯಿಂದ ಕುಗ್ಗಿತು. ಆರು ದಿನದಿಂದ ಇದೇ ಪಾಡು.

ಮೂವತ್ತಾರು ವರ್ಷ ವಯಸ್ಸು. ಬೆಳಿಗ್ಗೆ ಶಾಲೆಯಲ್ಲಿ ನಲವತ್ತೆರಡು ಮಕ್ಕಳಿಗೆ 'ಸುಳ್ಳು ಹೇಳಬಾರದು' ಎಂದು ದುಂಡಗೆ ಕಾಪಿ ಬರೆಸುವ ಟೀಚರ್. ಹೊಟ್ಟೆನೋವೆಂದು ನಾಟಕವಾಡುವ ಮಕ್ಕಳನ್ನು ಒಂದೇ ನೋಟಕ್ಕೆ ಹಿಡಿಯುವವಳು. ಮಧ್ಯಾಹ್ನ ಮೂರಕ್ಕೆ ಈ ಗ್ರಂಥಾಲಯದ ಮಹಡಿ ಹತ್ತಿ, ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಾಠಪುಸ್ತಕ ಓದಿ ರೆಕಾರ್ಡ್ ಮಾಡಿಸುವುದು ಅವಳು ತಾನಾಗಿಯೇ ಒಪ್ಪಿಕೊಂಡ ಕೆಲಸ. ಇಂಥ ಹೆಂಗಸು ಒಂದು ಲೋಟ ಶುಂಠಿ ನೀರಿನ ಆಸೆಗೆ ಕೆಮ್ಮುತ್ತಾಳೆಂದರೆ ಯಾರಾದರೂ ನಂಬುತ್ತಾರೆಯೇ? ಅವಳಿಗೇ ನಂಬಿಕೆ ಬರುತ್ತಿರಲಿಲ್ಲ.

ಮೊದಲು ಬಂದದ್ದು ನಿಜವಾದ ನೆಗಡಿಯೇ. ತರಗತಿಯ ಮಕ್ಕಳು ಪ್ರೀತಿಯಿಂದ ಕೊಟ್ಟದ್ದು. ನೆಗಡಿ ಐದು ದಿನಕ್ಕೆ ಹೋಯಿತು, ಕೆಮ್ಮು ಮಾತ್ರ ಹೋಗಲಿಲ್ಲ. ನೆಂಟರು ಊರಿಗೆ ಹೋದರೂ ಅವರ ಚೀಲ ನಮ್ಮ ಮನೆಯಲ್ಲೇ ಉಳಿದ ಹಾಗೆ ಗಂಟಲಲ್ಲಿ ಕೂತುಬಿಟ್ಟಿತು. ಒಣ ಕೆಮ್ಮು. ವಾಕ್ಯದ ನಟ್ಟನಡುವೆ ಬರುತ್ತಿತ್ತು, ಕೆಲವೊಮ್ಮೆ ಪದವನ್ನೇ ಎರಡು ತುಂಡು ಮಾಡುತ್ತಿತ್ತು.

ಅವನ ಕೆಲಸ ಅದನ್ನೆಲ್ಲ ಕತ್ತರಿಸಿ ತೆಗೆಯುವುದು. ತೊದಲು, ಉಸಿರು, ಪುಟ ಮಗುಚುವ ಸದ್ದು, ಕೆಮ್ಮು. ಹಾಗಾಗಿಯೇ ಗ್ರಂಥಾಲಯದವರೆಲ್ಲ ಅವನನ್ನು 'ಕತ್ತರಿ' ಎಂದೇ ಕರೆಯುತ್ತಿದ್ದರು. ನಲವತ್ತರ ಆಸುಪಾಸು, ಕಡಿಮೆ ಮಾತು, ಒಂಟಿ.

"ಟೀಚರ್, ನನ್ನ ಕತ್ತರಿ ಮೊಂಡಾಗ್ತಿದೆ," ಎಂದಿದ್ದ ಮೂರನೇ ದಿನ. ಮಾರನೇ ದಿನ ಉಪ್ಪು ಹಾಕಿದ ಬಿಸಿನೀರು ತಂದು ಬಾಯಿ ಮುಕ್ಕಳಿಸಲು ಕೊಟ್ಟ. ಅದರ ಮಾರನೇ ದಿನ ಒಂದು ಚಮಚ ಶುಂಠಿ ರಸಕ್ಕೆ ಎರಡು ಚಮಚ ಜೇನು. ಆಮೇಲೆ ಕಾಳುಮೆಣಸು ಕುಟ್ಟಿ ಕುದಿಸಿದ ನೀರು. ಅದನ್ನು ನೋಡಿ ಅವಳು ಮುಖ ಸಿಂಡರಿಸಿದ್ದಕ್ಕೆ, "ಖಾರ ಏನಿಲ್ಲ, ನೋಡಿ," ಎಂದು ತಾನೇ ಒಂದು ಗುಟುಕು ಕುಡಿದು ತೋರಿಸಿದ. ಕಣ್ಣಲ್ಲಿ ನೀರು ಬಂದರೂ ತುಟಿಯ ನಗು ಬಿಡಲಿಲ್ಲ. ಅವಳು ನಗುತ್ತಾ ನಗುತ್ತಾ ಕೆಮ್ಮಿದಳು, ಕೆಮ್ಮುತ್ತಾ ಕೆಮ್ಮುತ್ತಾ ಕುಡಿದಳು.

"ರಾತ್ರಿ ಎರಡು ದಿಂಬು ಹಾಕ್ಕೊಂಡು ತಲೆ ಎತ್ತರ ಮಾಡಿ ಮಲಗಿ. ಮಲಗೋ ಮುಂಚೆ ಹಬೆ ತಗೊಳ್ಳಿ."

"ಡಾಕ್ಟರ್ ಆಗಬೇಕಿತ್ತು ನೀವು."

"ಆಗಿದ್ರೆ ನಿಮ್ಮ ದನಿ ಕೇಳೋ ಕೆಲಸ ಸಿಗ್ತಿರಲಿಲ್ಲ."

ಹೇಳಿದವನೇ ಕಿವಿ ಕೆಂಪಾಗಿಸಿಕೊಂಡು ಗಾಜಿನ ಆಚೆಗೆ ಓಡಿಹೋಗಿದ್ದ. ಆ ಕೆಂಪು ಕಿವಿಗಳನ್ನು ಅವಳು ಮನೆಗೆ ಹೋಗುವ ಬಸ್ಸಿನುದ್ದಕ್ಕೂ ನೆನೆದಿದ್ದಳು.

ಹೋದ ಮಂಗಳವಾರ ಬೆಳಿಗ್ಗೆ ಎದ್ದಾಗ ಗಂಟಲು ಹಗುರವಾಗಿತ್ತು. ಮನೆಯಲ್ಲಿ ಜೊತೆಗಿರುವ ಅಕ್ಕ, "ಅಬ್ಬಾ, ಬಿಟ್ಟು ತೊಲಗ್ತು," ಎಂದಳು. ಅವಳಿಗೂ ಖುಷಿಯಾಯಿತು. ಮೂರು ಗಂಟೆಗೆ ಮಹಡಿ ಹತ್ತಿದಾಗ ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ, "ಇವತ್ತು ಹೇಗಿದೆ?" ಎಂದು ಕೇಳಿದ. ವಾಸಿಯಾಗಿದೆ ಎಂದರೆ ನಾಳೆಯಿಂದ ಫ್ಲಾಸ್ಕಿಲ್ಲ. ಬೆಂಚಿನ ಮೇಲೆ ಪಕ್ಕಪಕ್ಕ ಕುಳಿತು, ಗಂಟಲಿಗೆ ರೆಸ್ಟ್ ಎಂಬ ನೆಪದಲ್ಲಿ ಆಡುವ ಆ ಒಂದು ಗಂಟೆಯ ಮಾತೂ ಇಲ್ಲ. ಅವಳು ಬಾಯಿ ತೆರೆದಳು. ಬಂದದ್ದು ಕೆಮ್ಮು.

ಅಂದಿನಿಂದ ದಿನಾ ಮೂರು ಪುಟ ಓದುವಷ್ಟರಲ್ಲಿ ನಾಲ್ಕೈದು ಕೆಮ್ಮು. "ಇವತ್ತಿಗೆ ಸಾಕು," ಎಂದು ಅವನು ಹೇಳುವುದು, ಇವಳು ತಲೆ ಆಡಿಸುವುದು. ಭೂಗೋಳದ ಹನ್ನೆರಡು ಪಾಠಗಳಲ್ಲಿ ಎಂಟು ಮುಗಿದಿದ್ದವು. ಒಂಬತ್ತನೆಯದು ಹಿಮನದಿಯಂತೆಯೇ ತೆವಳುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು ಅನ್ನುತ್ತಾರಲ್ಲ, ಇವಳು ಕುಡಿದದ್ದು ಶುಂಠಿ ನೀರು.

ಏಳನೆಯ ದಿನ ಶಾಲೆ ಅರ್ಧ ಹೊತ್ತಿಗೇ ಬಿಟ್ಟಿತು. ಎರಡು ಗಂಟೆಗೇ ಬಂದಳು. ಮಹಡಿಯ ತಿರುವಿನಲ್ಲಿ ಮೇಡಂ ಅವರ ಕೋಣೆ. ರೆಕಾರ್ಡಿಂಗಿನ ಜವಾಬ್ದಾರಿಯೆಲ್ಲ ಅವರದೇ. ಬಾಗಿಲು ಅರ್ಧ ತೆರೆದಿತ್ತು, ಒಳಗೆ ಮೇಡಂ ಯಾರನ್ನೋ ಗದರುತ್ತಿದ್ದರು.

"ಯಾಕೆ ತಡ ಅಂದ್ರೆ ಮೈಕ್ ಕರಕರ ಅಂತಿದೆ ಅಂದೆ ನೀನು. ರಿಪೇರಿಯವನು ಬಂದು ಎರಡು ಗಂಟೆ ನೋಡಿದ. ಮೈಕು ಹೊಸದರ ಹಾಗಿದೆ ಅಂದ. ಈಗೇನು ಹೇಳ್ತೀಯ?"

ಮೇಡಂ ದನಿ ಏರಿತು.

"ಟೀಚರ್ ಗಂಟಲು ಸರಿಯಿಲ್ವಾ ಅಂತ ಹೋದ ವಾರಾನೇ ಕೇಳಿದ್ದೆ. ಹೌದು ಅಂದಿದ್ರೆ ಬೇರೆಯವರ ಹತ್ರ ಓದಿಸ್ತಿದ್ದೆ. 'ಅವರ ದನಿ ಚೆನ್ನಾಗಿದೆ ಮೇಡಂ' ಅಂದೆ ನೀನು. ಪರೀಕ್ಷೆಗೆ ಒಂಬತ್ತು ದಿನ ಇದೆ ಕಣಯ್ಯ! ಆ ಮಕ್ಕಳು ಕೇಳಿಸ್ಕೊಂಡೇ ಓದ್ಕೋಬೇಕು. ಅವರಿಗೆ ಬೇರೆ ಪುಸ್ತಕ ಇದೆಯಾ?"

"ತಪ್ಪು ನಂದೇ ಮೇಡಂ," ಎಂಬ ದನಿ. ಕತ್ತರಿಯದು.

"ಮುಂದಿನ ಸೋಮವಾರದಿಂದ ನೀನು ಕೆಳಗಡೆ ಗೋಡೌನಿಗೆ ಹೋಗು. ಹಳೇ ಪುಸ್ತಕ ಜೋಡಿಸು. ಇಲ್ಲಿಗೆ ಬೇರೆಯವರನ್ನ ಹಾಕ್ತೀನಿ."

ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರೆ. ಅವಳು ನಿಂತಿದ್ದ ಮೆಟ್ಟಿಲು ಮಾತ್ರ ಗಟ್ಟಿಯಾಗಿಯೇ ಇತ್ತು. ಅವನು ಹೊರಬಂದ, ಅವಳನ್ನು ಕಂಡು ಒಂದು ಕ್ಷಣ ತಡೆದು, ಏನೂ ಆಗದವನ ಹಾಗೆ ನಕ್ಕು ಮೇಲೆ ಹತ್ತಿದ.

ಮೇಡಂ ಬಾಗಿಲಿಗೆ ಬಂದರು. ಕೈಯಲ್ಲಿ ಫೋನಿತ್ತು. "ಓ, ಟೀಚರ್, ಒಳ್ಳೇ ಹೊತ್ತಿಗೆ ಬಂದ್ರಿ. ಹತ್ತನೇ ಕ್ಲಾಸಿನ ಹುಡುಗಿ, ದಿನಾ ಫೋನ್ ಮಾಡ್ತಾಳೆ. ನೀವೇ ಒಂದು ಮಾತು ಹೇಳಿ."

"ಟೀಚರಾ? ನಿಜವಾಗ್ಲೂ ನೀವೇನಾ?" ಎಂದಿತು ಆಚೆಯ ದನಿ. "ಎಂಟು ಪಾಠಾನೂ ಬಾಯಿಪಾಠ ಆಗಿದೆ ಟೀಚರ್. ಒಂಬತ್ತು ಯಾವಾಗ ಬರುತ್ತೆ?"

"ಬರುತ್ತಮ್ಮ."

"ಏಳನೇ ಪಾಠದಲ್ಲಿ ನಿಮ್ಮ ದನಿ ಒಡೆದಿತ್ತು. ಕೆಮ್ಮು ಇರಬೇಕು, ಅದಕ್ಕೇ ತಡ ಅಂತ ನಾನು ಎಲ್ಲರಿಗೂ ಹೇಳಿದೆ. ಅವಸರ ಮಾಡಬೇಡಿ ಅಂದೆ. ಟೀಚರ್, ಬಿಸಿನೀರಿಗೆ ಜೇನು ಹಾಕ್ಕೊಂಡು ಕುಡೀರಿ. ನಮ್ಮಮ್ಮ ನಂಗೆ ಅದೇ ಕೊಡೋದು. ಪಾಪ, ಎಷ್ಟು ಕಷ್ಟಪಟ್ಟು ಓದಿರ್ತೀರ."

"ಕುಡೀತೀನಮ್ಮ," ಎಂದಳು. ಫೋನನ್ನು ಮೇಡಂ ಕೈಗೆ ಕೊಟ್ಟು ಮೇಲೆ ಹತ್ತಿದಳು.

ಮೇಲಿನ ಕೋಣೆಯಲ್ಲಿ ಅವನು ಲೋಟಕ್ಕೆ ಬಗ್ಗಿಸುತ್ತಿದ್ದ. ಶುಂಠಿಯ ಘಮ ಸದ್ದು ತಡೆಯಲು ಗೋಡೆಗೆ ಹೊದಿಸಿದ ದಪ್ಪ ಬಟ್ಟೆಗೂ ಹತ್ತಿತ್ತು. ಎಂದಿನಂತೆ ಲೋಟದ ಬಿಸಿ ಬದಿಯನ್ನು ತಾನು ಹಿಡಿದು, ಬಿಸಿ ತಾಗದ ಅಂಚನ್ನು ಅವಳ ಕಡೆ ಚಾಚಿದ.

"ತಗೊಳ್ಳಿ. ಇವತ್ತು ಜೇನು ಸ್ವಲ್ಪ ಜಾಸ್ತಿ ಹಾಕಿದೀನಿ."

ಅವಳು ತೆಗೆದುಕೊಳ್ಳಲಿಲ್ಲ. ಅವನ ಮುಖ ನೋಡುವ ಧೈರ್ಯವಾಗದೆ ಅವನ ಅಂಗಿಯ ಗುಂಡಿ ನೋಡಿದಳು.

"ಕೆಮ್ಮು ವಾಸಿಯಾಗಿದೆ."

"ಹೌದಾ? ಯಾವತ್ತಿಂದ?"

"ಇವತ್ತಿಂದ," ಎಂದುಬಿಟ್ಟಳು. ನಿಜ ಹೇಳಲು ಬಾಯಿ ತೆರೆದಾಗಲೂ ನಾಲಿಗೆ ಸುಳ್ಳನ್ನೇ ಹುಡುಕಿಕೊಂಡಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅವನು ಲೋಟವನ್ನು ಮೇಜಿನ ಮೇಲಿಟ್ಟ. "ಮಂಗಳವಾರದಿಂದ," ಎಂದ ಮೆಲ್ಲಗೆ.

ಅವಳು ತಲೆ ಎತ್ತಿದಳು.

"ನಿಜವಾದ ಕೆಮ್ಮು ಬಂದಾಗ ನೀವು ಪದದ ಮಧ್ಯದಲ್ಲೇ ನಿಂತುಬಿಡ್ತಿದ್ರಿ. ಅದನ್ನ ಕತ್ತರಿಸಿ ಜೋಡಿಸೋದ್ರಲ್ಲಿ ನಂಗೆ ಸಾಕುಸಾಕಾಗ್ತಿತ್ತು. ಮಂಗಳವಾರದಿಂದ ಪ್ರತಿ ಕೆಮ್ಮೂ ವಾಕ್ಯ ಪೂರ್ತಿ ಮುಗಿದ ಮೇಲೆ ಬರ್ತಿದೆ. ಒಂದು ಪದಕ್ಕೂ ಏಟು ಬಿದ್ದಿಲ್ಲ. ಕೆಮ್ಮೋಕೆ ಮುಂಚೆ ಮೈಕಿಂದ ಮುಖ ಬೇರೆ ತಿರುಗಿಸ್ತೀರ." ಅವನ ತುಟಿ ತುಸು ಅಲುಗಿತು. "ಇಷ್ಟು ಶಿಸ್ತಾಗಿ ಯಾವ ರೋಗಿಯೂ ಕೆಮ್ಮಲ್ಲ ಟೀಚರ್."

ಹತ್ತು ವರ್ಷ ಮೈಕಿನ ಮುಂದೆ ಓದಿದ ಅಭ್ಯಾಸ. ಸುಳ್ಳು ಕೆಮ್ಮುವಾಗಲೂ ಮಕ್ಕಳ ಪಾಠ ಕೆಡಿಸಲು ಅವಳ ನಾಲಿಗೆ ಒಪ್ಪಿರಲಿಲ್ಲ. ಕಿವಿಯಿಂದ ಕುತ್ತಿಗೆಯವರೆಗೆ ಬಿಸಿಯೇರಿತು. ಆರು ದಿನ! ಪ್ರತಿ ಸಲ ಅಂಗೈ ಬಾಯಿಗಿಟ್ಟಾಗಲೂ ಇವನು ಗಾಜಿನ ಆಚೆ ಎಲ್ಲ ತಿಳಿದೇ ಕುಳಿತಿದ್ದನೇ?

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ? ಮೈಕ್ ಮೇಲೆ ಯಾಕೆ ಹಾಕಿದ್ರಿ?"

"ನಿಮಗೆ ವಾಸಿಯಾಯ್ತು ಅಂತ ಒಪ್ಪಿಕೊಂಡ್ರೆ ಫ್ಲಾಸ್ಕ್ ತರೋಕೆ ನಾನು ಬೇರೆ ನೆಪ ಹುಡುಕಬೇಕಿತ್ತು. ನಂಗೆ ಅಷ್ಟು ಬುದ್ಧಿ ಇಲ್ಲ." ಅವನೂ ಈಗ ನೆಲ ನೋಡುತ್ತಿದ್ದ. "ಬೆಳಿಗ್ಗೆ ಶುಂಠಿ ಜಜ್ಜುವಾಗ, ಇವತ್ತೂ ಕೆಮ್ಮಲಿ ದೇವ್ರೇ ಅಂದ್ಕೋತಿದ್ದೆ. ಎಂಥ ಮನುಷ್ಯ ಹಾಗೆ ಬೇಡ್ಕೋತಾನೆ ಹೇಳಿ."

ಬೇರೆ ಯಾವ ದಿನವಾಗಿದ್ದರೂ ಈ ಮಾತಿಗೆ ಅವಳು ಹೂವಿನಂತೆ ಅರಳುತ್ತಿದ್ದಳು. ಇವತ್ತು ಕಿವಿಯಲ್ಲಿ ಆ ಹುಡುಗಿಯ 'ಪಾಪ' ಎಂಬ ಮಾತೇ ತುಂಬಿತ್ತು.

"ನಮ್ಮಿಬ್ಬರ ಸುಖಕ್ಕೆ ಆ ಮಕ್ಕಳ ಆರು ದಿನ ಕದ್ದುಬಿಟ್ವಿ," ಎಂದಳು. ತಿರುಗಿ ಮೆಟ್ಟಿಲಿಳಿದಳು. ಅವನು, "ಟೀಚರ್, ಬೇಡ, ನಾನು ಹೇಳಾಗಿದೆ," ಎನ್ನುತ್ತಾ ಹಿಂದೆಯೇ ಬಂದ.

ಮೇಡಂ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿದಳು. "ಮೈಕ್ ಕೆಟ್ಟಿರಲಿಲ್ಲ ಮೇಡಂ. ನಂಗೆ ಕೆಮ್ಮೂ ಇರಲಿಲ್ಲ. ಆರು ದಿನದಿಂದ ಸುಳ್ಳು ಕೆಮ್ಮಿದೀನಿ. ಇವರು ನನ್ನನ್ನ ಉಳಿಸೋಕೆ ತಪ್ಪು ತಮ್ಮ ಮೇಲೆ ಎಳ್ಕೊಂಡ್ರು."

"ಸುಳ್ಳು ಕೆಮ್ಮಿದ್ರಾ? ಯಾಕೆ?"

ಈ ಪ್ರಶ್ನೆ ಬಂದೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅವನು ಬೆನ್ನ ಹಿಂದೆಯೇ ನಿಂತಿದ್ದ. ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬೆರಳು ಬಿಳಿಚಿಕೊಂಡಿತು.

"ವಾಸಿಯಾಯ್ತು ಅಂದ್ರೆ ಇವರು ಶುಂಠಿ ನೀರು ತರೋದು ನಿಲ್ಲಿಸಿಬಿಡ್ತಾರೆ ಅಂತ. ಪಕ್ಕದಲ್ಲಿ ಕೂತು ಮಾತಾಡೋದು ತಪ್ಪಿಹೋಗುತ್ತೆ ಅಂತ. ಇವರು ನಂಗೆ ಇಷ್ಟ ಮೇಡಂ."

ಮೇಡಂ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು.

"ಟೀಚರ್, ನಿಮ್ಮ ವಯಸ್ಸೆಷ್ಟು?"

"ಮೂವತ್ತಾರು."

"ಇವನದ್ದು?"

"ನಲವತ್ತೊಂದು ಮೇಡಂ," ಎಂದ ಅವನು ಬಾಗಿಲ ಬಳಿಯಿಂದ.

"ಸರಿಹೋಯ್ತು," ಎಂದರು ಮೇಡಂ. ನಗಲಿಲ್ಲ. "ಎರಡು ದಿನ ಕೊಡ್ತೀನಿ. ನಾಲ್ಕೂ ಪಾಠ ಮುಗೀಬೇಕು. ಆಮೇಲೆ ಇವನು ಗೋಡೌನಿಗೆ ಹೋಗೋದು ಹೋಗೋದೇ. ಮುಂದಿನ ವರ್ಷದ ಪುಸ್ತಕ ನಿಮಗೆ ಕೊಡಲ್ಲ. ಹೋಗಿ."

ಅವಳು ಶಾಲೆಗೆ ಎರಡು ದಿನ ರಜೆ ಹಾಕಿದಳು. ಬೆಳಿಗ್ಗೆ ಒಂಬತ್ತಕ್ಕೆ ಕುಳಿತರೆ ಸಂಜೆ ಆರಕ್ಕೆ ಏಳುವುದು. ಗಾಜಿನ ಈಚೆಗೂ ಆಚೆಗೂ ಒಂದು ನಗುವಿಲ್ಲ, ಬೇಡದ ಒಂದು ಮಾತಿಲ್ಲ. ಅವನು ಬೆರಳೆತ್ತಿದರೆ ಇವಳು ಓದಬೇಕು, ಅಂಗೈ ತೋರಿದರೆ ನಿಲ್ಲಿಸಬೇಕು. ಎರಡನೆಯ ದಿನ ದನಿ ಸೋತು ಬಂದಾಗಲೂ ಅವಳು ನೀರು ಕೇಳಲಿಲ್ಲ. ಅವನೇ ಬಾಗಿಲು ತೆರೆದು ಬರೀ ಬಿಸಿನೀರಿನ ಲೋಟ ಇಟ್ಟು, ಅವಳ ಕಡೆ ನೋಡದೆ ಹೋದ.

ಐದೂವರೆಗೆ ಹನ್ನೆರಡನೆಯ ಪಾಠದ ಕೊನೆಯ ಸಾಲು ಮುಗಿಯಿತು. ಅವನು ಅಂಗೈ ತೋರಿದ. ಅವಳು ತಲೆ ಅಲ್ಲಾಡಿಸಿ, ಇನ್ನೂ ಇದೆ ಎಂದು ಸನ್ನೆ ಮಾಡಿ, ಪುಸ್ತಕ ಮುಚ್ಚಿದಳು.

"ಮಕ್ಕಳೇ," ಎಂದಳು ಮೈಕಿಗೆ. "ಈ ನಾಲ್ಕು ಪಾಠ ನಿಮಗೆ ತಡವಾಗಿ ಸಿಕ್ಕಿದ್ದು ನನ್ನ ತಪ್ಪಿಂದ. ನಂಗೆ ಕೆಮ್ಮು ಇದೆ ಅಂತ ನಿಮ್ಮಲ್ಲಿ ಯಾರೋ ಅಂದುಕೊಂಡಿದ್ರಿ, ಕಾದ್ರಿ. ಕೆಮ್ಮು ವಾಸಿಯಾಗಿತ್ತು. ಯಾರೋ ಒಬ್ಬರು ನನ್ನನ್ನ ನೋಡಿಕೊಳ್ಳೋದು ಹಿತವಾಗಿತ್ತು ಅಂತ ನಾನು ಸುಳ್ಳು ಕೆಮ್ಮಿದೆ. ನಿಮಗೆ ಕಷ್ಟ ಆಯ್ತು. ನಂಗೆ ನಾಚಿಕೆಯಾಗ್ತಿದೆ. ಕ್ಷಮಿಸಿ."

ಗಾಜಿನ ಆಚೆಯ ಕುರ್ಚಿ ಖಾಲಿಯಾಗಿತ್ತು. ಬಾಗಿಲು ಸದ್ದಿಲ್ಲದೆ ತೆರೆಯಿತು. ಹದಿನೈದು ವರ್ಷದಿಂದ ಬೇರೆಯವರ ದನಿಯನ್ನಷ್ಟೇ ತಿದ್ದಿದವನು ಅವಳ ಪಕ್ಕದಲ್ಲಿ ಮಂಡಿಯೂರಿ ಮೈಕಿನ ಹತ್ತಿರ ಬಾಗಿದ. ಹಣೆಯಲ್ಲಿ ಬೆವರಿತ್ತು.

"ಆ ಒಬ್ಬರು ನಾನೇ," ಎಂದ. "ನಂಗೆ ಗೊತ್ತಿತ್ತು ಮಕ್ಕಳೇ. ಗೊತ್ತಿದ್ದೂ ಸುಮ್ಮನಿದ್ದೆ. ತಪ್ಪು ಇಬ್ಬರದ್ದೂ."

ಕೈ ಚಾಚಿ ಸ್ವಿಚ್ ಆರಿಸಿದ. ಕೆಂಪು ದೀಪ ಹೋಯಿತು. ಇಬ್ಬರೂ ಶಿಕ್ಷೆಗೆ ಕೂರಿಸಿದ ಮಕ್ಕಳ ಹಾಗೆ ಅಲ್ಲೇ ಕುಳಿತರು.

"ಹೇಳಿದ ಮೇಲೆ ನಾಚಿಕೆ ಹೋಯ್ತಾ?" ಎಂದು ಕೇಳಿದ.

"ಇಲ್ಲ."

"ನಂದೂ ಹೋಗಿಲ್ಲ."

ಅವಳು ಅವನ ಕಡೆ ತಿರುಗಿದಳು. ಬೆಂಚಿನ ಮೇಲೆ ಪಕ್ಕಪಕ್ಕ ಕುಳಿತು ಅಷ್ಟು ದಿನ ಮಾತಾಡಿದರೂ ಅವನ ಕಣ್ಣುಗಳನ್ನು ಅವಳು ನೇರವಾಗಿ ನೋಡಿದ್ದು ಇದೇ ಮೊದಲು. ಅವೂ ನಾಚಿಕೆಯಿಂದ ತಗ್ಗಿದ್ದವು.

"ಇದು ಬೇಗ ಹೋಗಲ್ಲ ಅನ್ಸುತ್ತೆ," ಎಂದ ಅವನು. "ಒಬ್ಬೊಬ್ಬರೇ ಅನುಭವಿಸೋದು ಬೇಡ. ಜೊತೆಗಿರೋಣ. ಆಗುತ್ತಾ?"

ಅವಳಿಗೆ ಅಳು ಬಂತು. ಅವನ ಕೈ ಹಿಡಿದು ತನ್ನ ಮಡಿಲಲ್ಲಿ, ಮುಚ್ಚಿದ ಭೂಗೋಳದ ಮೇಲೆ ಇಟ್ಟುಕೊಂಡಳು. ಆಮೇಲೆ, "ಅಕ್ಕನಿಗೆ ಹೇಳಬೇಕು. ನೀವೂ ಬನ್ನಿ," ಎಂದಳು.

"ಏನಂತ ಹೇಳ್ತೀರ?"

"ನಡೆದಿದ್ದೆಲ್ಲ," ಎಂದು ಕಣ್ಣೊರೆಸಿಕೊಂಡು ಎದ್ದಳು.